ಅಪ್ಪಯ್ಯನ ಫೋನಿನಲ್ಲಿ ಬಿಳಿ ಪರದೆ

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ದರ ತೋರಿಸುವ ಪುಟ ಮಾಡಿಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿತ್ತು. "ತಮಾ, ಇದ್ರಲ್ಲಿ ಎಂತದೂ ಕಾಣ್ತಿಲ್ಲೆ" ಎಂದರು ಅಪ್ಪಯ್ಯ, ತಮ್ಮ ಹಳೇ ಫೋನ್ ಹಿಡಿದು. ನೆಟ್‌ವರ್ಕ್ ಸಮಸ್ಯೆ ಎಂದುಕೊಂಡು ಸುಮ್ನೆ ಎರಡು ದಿನ ಕಳೆದೆ. ಮಳೆಗಾಲದಲ್ಲಿ ಅನುಮಾನ ಅಲ್ಲಿಗೇ ಹೋಗುತ್ತದೆ, ಅಲ್ವಾ?

ಕೊನೆಗೆ ಕೇಬಲ್ ಸಿಕ್ಕಿಸಿ ಬ್ರೌಸರ್ ತನ್ನ ದೂರು ಬರೆದಿಡುವ ಕನ್ಸೋಲ್ ನೋಡಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಕೋಡಿನ ಬರಹವೇ ಅದಕ್ಕೆ ಅರ್ಥವಾಗಿಲ್ಲ. ಫೋನಿನಲ್ಲಿದ್ದದ್ದು ಕ್ರೋಮ್ 74. ನಾನು ಧಾರಾಳವಾಗಿ ಬಳಸಿದ್ದ ಆಪ್ಷನಲ್ ಚೈನಿಂಗ್ (ಜಾವಾಸ್ಕ್ರಿಪ್ಟಿನ '?.' ಎಂಬ ಹೊಸ ಬರಹ) ಅರ್ಥವಾಗುವುದು ಕ್ರೋಮ್ 80ರಿಂದ. ಹೊಸ ಕೋಡನ್ನು ಹಳೇ ಬ್ರೌಸರಿಗೆ ಹೊಂದಿಸುವ ಬೇಬಲ್ ಎಂಬ ಸಾಧನ ಅದನ್ನು ಹಳೇ ರೂಪಕ್ಕೆ ಇಳಿಸಬೇಕಿತ್ತು. ಆದರೆ ಯಾವ ಬ್ರೌಸರಿಗೆ ಹೊಂದಿಸಬೇಕೆಂದು ಅದಕ್ಕೆ ತಿಳಿಸುವ ಬ್ರೌಸರ್ಸ್‌ಲಿಸ್ಟ್‌ನಲ್ಲಿ 'ಕ್ರೋಮಿನ ಕೊನೆಯ ಎರಡು ಆವೃತ್ತಿ ಸಾಕು' ಎಂದು ಬರೆದಿದ್ದವನು ನಾನೇ!

ಕ್ರೋಮ್ 70 ಮತ್ತು ಮೇಲಿನವು ಎಂದು ಬದಲಿಸಿದೆ. ಆದರೂ ಬಿಳಿಯೇ. ನೋಡ್ ಮಾಡ್ಯೂಲ್ಸ್ ಎಂಬ ಫೋಲ್ಡರಿನ ಒಳಗಿದ್ದ ಹಳೇ ಕ್ಯಾಶ್ (ಹಿಂದೆ ಇಳಿಸಿ ಉಳಿಸಿಟ್ಟಿದ್ದ ಕೋಡ್) ಅಳಿಸಿ ಮತ್ತೆ ಬಿಲ್ಡ್ ಮಾಡಿದ ಮೇಲೆ ದರ ಕಂಡಿತು.

ಇಳಿದಿದೆ ಎಂದು ಅಪ್ಪಯ್ಯ ಗೊಣಗಿದರು.