ಭೇಟಿಯ ಖಾತೆ ಪುಸ್ತಕ

ಬ್ಯಾಂಕಿನಲ್ಲಿ ಹತ್ತಿರ ಹತ್ತಿರ 30 ವರ್ಷ ಜಮಾ-ಖರ್ಚು ನೋಡಿದವನು ನಾನು. ಕೊರೊನಾ ಬಂದಾಗಲೂ ಕೈಗೆ ಸಿಕ್ಕಿದ್ದು ಒಂದು ಗೆರೆ ಹಾಕಿದ ಪುಸ್ತಕವೇ.

2020ರ ಮಾರ್ಚ್ 22ರ ನಡುರಾತ್ರಿಗೆ ಮುಂಬಯಿಯ ಲೋಕಲ್ ರೈಲು ನಿಂತಿತು. ಬ್ಯಾಂಕ್ ನಿಲ್ಲಲಿಲ್ಲ. ದಿನ ಬಿಟ್ಟು ದಿನ ಮುಲುಂಡ್‌ನಿಂದ ಫೋರ್ಟ್‌ಗೆ ನಗರ ಸಾರಿಗೆಯ ಬೆಸ್ಟ್ ಬಸ್ಸು ಹಿಡಿದು ಹೋಗಬೇಕು. ನನಗೆ 12 ವರ್ಷದಿಂದ ಶುಗರ್, ಜೊತೆಗೆ ಬಿ.ಪಿ. ಮನೆಯಲ್ಲಿ 78ರ ಅಮ್ಮ. ಒಂದು ಬೆಡ್‌ರೂಮಿನ ಮನೆ. ದೂರ ಇರಿ ಅಂತ ಟಿ.ವಿ.ಯಲ್ಲಿ ಹೇಳುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಯಾರಿಂದ ಎಷ್ಟು ದೂರ ಇರೋದು?

ಪುಸ್ತಕದಲ್ಲಿ ಮೊದಲು ಬರೀ ಹೆಸರು ಬರೆಯುತ್ತಿದ್ದೆ. ಇವತ್ತು ಯಾರನ್ನು ಕಂಡೆ, ಎಲ್ಲಿ, ಎಷ್ಟು ಹೊತ್ತು. ವಾಚ್‌ಮನ್, ತರಕಾರಿ ಮಾರುವ ಭಾಜಿವಾಲಾ, ಕೌಂಟರಿನ ಗಿರಾಕಿಗಳು. ಆಗ ನನ್ನ ಭಯವೆಲ್ಲ ಕೈ ಮೇಲೆ. ಹಾಲಿನ ಪ್ಯಾಕೆಟ್ಟಿಗೂ ಸೋಪು ಹಚ್ಚಿ ತೊಳೆದವನು ನಾನು. ಟೊಮೇಟೊಗೆ ಸೋಪಿನ ವಾಸನೆ ಹತ್ತಿ, ಒಂದು ದಿನದ ಸಾರು ಚೆಲ್ಲಿದ್ದೂ ಆಯಿತು. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಜನ ತುಂಬಿದ ಗಾಳಿಯಾಡದ ಕೋಣೆಗಳಲ್ಲಿ ಸೋಂಕು ಗಾಳಿಯಿಂದಲೇ ಹರಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು. ಅವತ್ತು ಪುಸ್ತಕಕ್ಕೆ ಇನ್ನೆರಡು ಗೆರೆ ಎಳೆದೆ: ಕಿಟಕಿ ತೆರೆದಿತ್ತಾ? ಮಾಸ್ಕ್ ಇತ್ತಾ?

ಈ ಎರಡು ಗೆರೆ ಬಂದ ಮೇಲೆ ಅಪಾಯದ ಲೆಕ್ಕ ಬೇರೆಯೇ ಆಯಿತು. ಬಾಗಿಲಲ್ಲಿ ನಿಂತು ಎರಡು ನಿಮಿಷ ಮಾತಾಡಿದ ಭಾಜಿವಾಲಾ ದೊಡ್ಡ ಖರ್ಚೇ ಅಲ್ಲ. ಎ.ಸಿ. ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕೂತ ಮೀಟಿಂಗ್ ಭಾರೀ ಖರ್ಚು. ದಿನಕ್ಕೆ ಇಂಥದ್ದು ಒಂದಕ್ಕಿಂತ ಜಾಸ್ತಿ ಬೇಡ ಅಂತ ನಾನೇ ಮಿತಿ ಹಾಕಿಕೊಂಡೆ. ಎರಡನೆಯದು ಬಂದರೆ ಫೋನಿನಲ್ಲಿ ಮುಗಿಸುತ್ತಿದ್ದೆ.

ಅಮ್ಮನ ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ಎದುರು ಮನೆಯ ಮರಾಠಿ ಆಜಿಯೂ ಅಮ್ಮನೂ ಇಪ್ಪತ್ತು ವರ್ಷದ ಗೆಳತಿಯರು. ಅಮ್ಮನ ಮರಾಠಿಯಲ್ಲಿ ಅರ್ಧ ಕುಂದಾಪುರದ ಕನ್ನಡ, ಆಜಿಗೆ ಅದೇ ಅಭ್ಯಾಸ. ದಿನಾ ನಾಲ್ಕು ಗಂಟೆಗೆ ಚಹಾ. ಅದನ್ನು ನಾನು ಒಂದೇ ಮಾತಿಗೆ ನಿಲ್ಲಿಸಿದೆ. ಆ ವರ್ಷ ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳಗಳೂ ಬರಲಿಲ್ಲ. ಅಮ್ಮ ವರ್ಷವಿಡೀ ಕಾಯುತ್ತಿದ್ದದ್ದೇ ಅದಕ್ಕೆ. ಆಗಸ್ಟ್ ಹೊತ್ತಿಗೆ ಅಮ್ಮ ಊಟ ಅರ್ಧಕ್ಕೇ ಬಿಡುತ್ತಿದ್ದಳು, ಹಗಲು ಮಲಗಿ ರಾತ್ರಿ ಎದ್ದು ಕೂರುತ್ತಿದ್ದಳು. ನಾನು ಅಮ್ಮನ ಬಿ.ಪಿ. ಮಾತ್ರೆ ಹೆಚ್ಚುಕಮ್ಮಿ ಆಯಿತೇನೋ ಅಂದುಕೊಂಡೆ. ಹೆಂಡತಿ ಹೇಳಿದಳು, "ಮಾತ್ರೆ ಅಲ್ಲ ರೀ, ಮಾತಾಡೋಕೆ ಜನ ಇಲ್ಲ."

ಪುಸ್ತಕ ತೆಗೆದು ಅಮ್ಮನ ಹೆಸರಲ್ಲೂ ಒಂದು ಪುಟ ಮಾಡಿದೆ. ನಮ್ಮ ಪ್ಯಾಸೇಜಿನ ಎರಡೂ ತುದಿಗೆ ಕಿಟಕಿ ಇದೆ, ಸಮುದ್ರದ ಕಡೆಯ ಗಾಳಿ ಬರದಿದ್ದರೂ ಗಾಳಿ ಓಡಾಡುತ್ತದೆ. ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಎಂಟು ಅಡಿ. ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಮಾತು, ಚಹಾ ಅವರವರ ಮನೆಯೊಳಗೆ. ಇಬ್ಬರಿಗೂ ಕಿವಿ ಮಂದ, ಎಂಟು ಅಡಿ ದೂರದಿಂದ ಕೂಗಿ ಮಾತಾಡಿದ್ದು ಮೂರನೇ ಮಹಡಿವರೆಗೆ ಕೇಳುತ್ತಿತ್ತು. ಸೊಸೈಟಿಯಲ್ಲಿ ಒಬ್ಬರು ಆಕ್ಷೇಪ ಎತ್ತಿದರು. ನಾನು ಕಿಟಕಿ ತೋರಿಸಿದೆ. ವಾರದೊಳಗೆ ಅಮ್ಮನ ತಟ್ಟೆ ಖಾಲಿಯಾಗತೊಡಗಿತು.

ನನ್ನ ಶುಗರ್ ಕಥೆ ಚಿಕ್ಕದು. ಸ್ಟೇಷನ್ನಿಗೆ ನಡೆಯೋದು, ಮೆಟ್ಟಿಲು ಹತ್ತಿ ಇಳಿಯೋದು ಎಲ್ಲ ನಿಂತು ಶುಗರಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.1 ಇದ್ದದ್ದು 8.4ಕ್ಕೆ ಹೋಯಿತು. ತರಕಾರಿ ಸರಿಯಾಗಿ ಸಿಗದ ದಿನಗಳಲ್ಲಿ ಗಂಜಿ, ಉಪ್ಪಿನಕಾಯಿ, ಹಪ್ಪಳ ಅಂತ ಹೊಟ್ಟೆ ತುಂಬಿಸಿದ್ದೆವು, ಇನ್ನೇನಾಗುತ್ತೆ? ಬೆಳಿಗ್ಗೆ ಆರಕ್ಕೆ, ಯಾರೂ ಏಳುವ ಮೊದಲು, ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿಯತೊಡಗಿದೆ.

ಜುಲೈನಿಂದ ಸರಕಾರಿ ಬ್ಯಾಂಕಿನವರಿಗೆ ಲೋಕಲ್ ಸಿಕ್ಕಿತು. ಸಾಮಾನ್ಯವಾಗಿ 1200 ಜನ ಕೂರುವ ಗಾಡಿಯಲ್ಲಿ ಆಗ 700 ಜನಕ್ಕಷ್ಟೇ ಅವಕಾಶ. ನಾನು ಕಿಟಕಿ ಪಕ್ಕ ಕೂತು, ಮಾಸ್ಕಿನ ಮೇಲೆ ಮಾಸ್ಕ್ ಹಾಕಿ, ಯಾರ ಜೊತೆಗೂ ಮಾತಾಡದೆ ಹೋಗಿಬರುತ್ತಿದ್ದೆ. ಆದರೂ ಅಕ್ಟೋಬರಿನಲ್ಲಿ ಜ್ವರ ಬಂತು. ಟೆಸ್ಟ್ ಪಾಸಿಟಿವ್.

ಪುಸ್ತಕ ನಿಜವಾಗಿ ಕೆಲಸಕ್ಕೆ ಬಂದದ್ದು ಅವತ್ತು. ಲಕ್ಷಣ ಶುರುವಾಗುವ ಎರಡು ದಿನ ಮೊದಲಿನಿಂದಲೇ ಸೋಂಕು ದಾಟಬಹುದು ಅಂತ ಡಾಕ್ಟರು ಹೇಳಿದ್ದರು. ಆ ದಿನಗಳ ಪುಟ ತೆಗೆದೆ. ಏಳು ಹೆಸರು. ಏಳು ಫೋನ್ ಮಾಡಿ ಮುಗಿಸಲು ಅರ್ಧ ಗಂಟೆ ಸಾಕಾಯಿತು. ಮತ್ತೆ ಹಿಂದಿನ ವಾರದ ಪುಟ ತಿರುಗಿಸಿದೆ. ದಿನಾ ಮಧ್ಯಾಹ್ನ ಒಂದೇ ಸಾಲು: ಊಟದ ಕೋಣೆ, ನಾಲ್ವರು, 25 ನಿಮಿಷ, ಕಿಟಕಿ ಇಲ್ಲ, ಮಾಸ್ಕ್ ಇಲ್ಲ. ನನ್ನ ಅಕ್ಷರವೇ. ದಿನಾ ಬರೆದಿದ್ದೆ, ಒಂದು ದಿನವೂ ಓದಿರಲಿಲ್ಲ! ಆ ಟೇಬಲ್ಲಿನ ಇನ್ನಿಬ್ಬರಿಗೂ ಅದೇ ವಾರ ಬಂತು. ಲೋಕಲ್‌ನಲ್ಲಿ ಅಪರಿಚಿತರಿಗೆ ಹೆದರಿ ಮೂಗು ಮುಚ್ಚಿಕೊಂಡವನು, ಡಬ್ಬಿ ಬಿಚ್ಚುವಾಗ ನಮ್ಮವರೇ ಅಲ್ವಾ ಅಂತ ಮಾಸ್ಕ್ ಇಳಿಸಿದ್ದೆ. ಅದು ನನ್ನ ಅಂದಾಜು, ಸಾಬೀತು ಮಾಡಲಾರೆ. ಖಾತೆ ಮಾತ್ರ ಅದನ್ನೇ ಹೇಳುತ್ತಿತ್ತು.

ಬೆಡ್‌ರೂಮು ನನಗೆ, ಹಾಲ್ ಅಮ್ಮ ಮತ್ತು ಹೆಂಡತಿಗೆ. ಬಾತ್‌ರೂಮು ಒಂದೇ. ಎಲ್ಲರದೂ ಮುಗಿದ ಮೇಲೆ ನಾನು. ಆಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್, ಬಾಗಿಲು ಬಂದ್. ದಿನಕ್ಕೆ ಎರಡು ಸಲ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಆಮೇಲೆ ಕೋಣೆಯೊಳಗೇ ಆರು ನಿಮಿಷ ನಡೆದು ಮತ್ತೆ. ನಡೆದ ಮೇಲೆ ಮೂರು ಅಂಕ ಇಳಿದರೆ, ಅಥವಾ 94ಕ್ಕಿಂತ ಕಡಿಮೆ ಬಂದರೆ ಕಾಯದೆ ಫೋನ್ ಮಾಡಬೇಕು ಅಂತ ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ 91 ತೋರಿಸಿ ಎದೆ ಧಸಕ್ ಅಂತು. ಕೈ ತಣ್ಣಗಿತ್ತು. ಉಜ್ಜಿ ಬೆಚ್ಚಗೆ ಮಾಡಿ ಎರಡು ನಿಮಿಷ ಬಿಟ್ಟು ನೋಡಿದರೆ 97. ಶುಗರ್ ಮಾತ್ರ ನಿಜವಾಗಿಯೇ ಏರಿತ್ತು, ಖಾಲಿ ಹೊಟ್ಟೆಯಲ್ಲೇ 220. ಡಾಕ್ಟರು ಫೋನಿನಲ್ಲೇ ಮಾತ್ರೆ ಬದಲಿಸಿದರು. ಪಾಲಿಕೆಯ ವಾರ್ಡಿನ ಕೊರೊನಾ ನಿಗಾ ಕೋಣೆಯಾದ ವಾರ್ ರೂಮಿನಿಂದಲೂ ಕರೆ ಬರುತ್ತಿತ್ತು, ಮರಾಠಿಯ ಒಬ್ಬ ಹುಡುಗಿ. ನಾನು ಅಂಕಿ ಹೇಳೋದು, ಆಕೆ ಬರೆದುಕೊಳ್ಳೋದು. ಹೀಗೆ ಬೇರೆಯಾಗಿ ಹತ್ತು ದಿನ, ಮೇಲೆ ಏಳು ದಿನ. ಅಮ್ಮನಿಗೂ ಹೆಂಡತಿಗೂ ಬರಲಿಲ್ಲ.

2021ರ ಮಾರ್ಚ್‌ನಲ್ಲಿ 45 ದಾಟಿದ ಕಾಯಿಲೆಯವರಿಗೆ ಲಸಿಕೆ ಶುರುವಾಯಿತು. ಹತ್ತು ವರ್ಷಕ್ಕೂ ಹಳೆಯ ಶುಗರ್ ಮತ್ತು ಬಿ.ಪಿ. ಎರಡೂ ಇದ್ದರೆ ಅವಕಾಶ. ನನ್ನ ಕಾಯಿಲೆಗೆ ಮೊದಲ ಸಲ ಒಂದು ಲಾಭ ಸಿಕ್ಕಿತು. ಡಾಕ್ಟರ ಸರ್ಟಿಫಿಕೇಟ್ ಹಿಡಿದು ಅಮ್ಮನ ಜೊತೆಗೇ ಹೋದೆ.

ಈಗಲೂ ನೆಗಡಿಯಾದರೆ ಆಫೀಸಿನಲ್ಲಿ ಡಬ್ಬಿ ತಗೊಂಡು ಮೆಟ್ಟಿಲ ಹತ್ತಿರದ ಕಿಟಕಿಗೆ ಹೋಗುತ್ತೇನೆ. ಜೊತೆಗಾರರು ನಗುತ್ತಾರೆ. ನಗುತ್ತಲೇ ತಮ್ಮ ಬಂಗುಡೆ ಸಾರನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿ ನನ್ನ ಪಾಲನ್ನು ಕಳಿಸಿಕೊಡುತ್ತಾರೆ.