ನಿಮ್ಮೂರಿಗೆ ಕರೆಂಟು ಬಂದ ಕತೆ ಬರೆದಿಡೋದು ಹೇಗೆ

ಒಂದು ದಿನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಕೇಳಿ ನೋಡಿ, ನಮ್ಮೂರಿಗೆ ಕರೆಂಟು ಬಂದದ್ದು ಯಾವ ವರ್ಷ ಅಂತ. ಅಜ್ಜಿ ಒಂದು ವರ್ಷ ಹೇಳ್ತಾರೆ, ದೊಡ್ಡಪ್ಪ ಇನ್ನೊಂದು, ತೋಟದ ಕೆಲಸಕ್ಕೆ ಬರುವ ಅಕ್ಕ ಅದೆರಡೂ ಅಲ್ಲ ಅಂತಾರೆ. ಕಾರ್ಕಳದ ಹತ್ತಿರ ನಮ್ಮ ಮನೆಯಲ್ಲೂ ಹಾಗೇ ಆಯ್ತು. ಯಾರಿಗೋ ನೆನಪು ತಪ್ಪಿದೆ ಅಂತ ನಾನು ಅಂದ್ಕೊಂಡದ್ದು, ಆದ್ರೆ ನಿಧಾನಕ್ಕೆ ಬಿಡಿಸಿ ಕೇಳಿದಾಗ ಮೂರು ಜನ ಹೇಳಿದ್ದೂ ಸರಿಯೇ ಇತ್ತು. ದೊಡ್ಡಪ್ಪ ಹೇಳಿದ್ದು ರಸ್ತೆ ಬದಿಯಲ್ಲಿ ಕಂಬ ನೆಟ್ಟ ವರ್ಷ, ಅಜ್ಜಿ ಹೇಳಿದ್ದು ನಮ್ಮ ಚಾವಡಿಯಲ್ಲಿ ಬಲ್ಬು ಉರಿದ ವರ್ಷ, ಆ ಅಕ್ಕ ಹೇಳಿದ್ದು ಅವರ ಕಾಲನಿಗೆ ಲೈನ್ ಎಳೆದ ವರ್ಷ. ಮೊದಲನೆಯದ್ದಕ್ಕೂ ಕೊನೆಯದ್ದಕ್ಕೂ ಮಧ್ಯೆ 20 ವರ್ಷಕ್ಕಿಂತ ಜಾಸ್ತಿ ಉಂಟು.

ಹಾಗಾಗಿ ನೀವು ಬರೀಲಿಕ್ಕೆ ಶುರು ಮಾಡುವಾಗ ಒಂದೇ ವರ್ಷ ಹುಡುಕ್ಲಿಕ್ಕೆ ಹೋಗ್ಬೇಡಿ. ನೋಟ್‌ಬುಕ್ಕಲ್ಲಿ ನಾಲ್ಕು ಪುಟ ಬೇರೆ ಬೇರೆ ಮಾಡ್ಕೊಳ್ಳಿ: ಊರಿಗೆ ಕಂಬ ಬಂದದ್ದು, ಮನೆಗೆ ಬಲ್ಬು ಬಂದದ್ದು, ಬಾವಿಗೆ ಅಥವಾ ಕೆರೆಗೆ ಮೋಟಾರು ಬಂದದ್ದು, ಊರಿನ ಕಟ್ಟಕಡೆಯ ಮನೆಗೆ ಬಂದದ್ದು. ಈ ನಾಲ್ಕನ್ನು ಕಲಸಿಬಿಟ್ರೆ ಮತ್ತೆ ಬಿಡಿಸ್ಲಿಕ್ಕೆ ಭಾರೀ ಕಷ್ಟ, ನಾನು ಮೊದಲ ಎರಡು ತಿಂಗಳು ಕಲಸಿಯೇ ಬರೆದದ್ದು, ಎಲ್ಲ ಪುನಃ ಕೇಳ್ಬೇಕಾಯ್ತು.

ಸರ್ಕಾರದ ಲೆಕ್ಕದಲ್ಲಿ "ವಿದ್ಯುದೀಕರಣ ಆದ ಗ್ರಾಮ" ಅಂತ ಇರ್ತದಲ್ಲ, ಅದನ್ನು ನೋಡಿ ಮೋಸ ಹೋಗ್ಬೇಡಿ. 1997ಕ್ಕಿಂತ ಮೊದಲು ಗ್ರಾಮದ ಗಡಿಯ ಒಳಗೆ ಯಾವ ಕೆಲಸಕ್ಕಾದ್ರೂ ಕರೆಂಟು ಬಳಸ್ತಿದ್ರೆ ಸಾಕಿತ್ತು, ಇಡೀ ಗ್ರಾಮಕ್ಕೆ ಕರೆಂಟು ಬಂತು ಅಂತ ಲೆಕ್ಕ. ಒಂದು ಅಕ್ಕಿ ಮಿಲ್ಲಿಗೆ ಲೈನ್ ಎಳೆದಿದ್ರೂ ಆಯ್ತು. 2004ರಲ್ಲಿ ನಿಯಮ ಬದಲಾಗಿ ಕನಿಷ್ಠ ನೂರಕ್ಕೆ 10 ಮನೆಗೆ ಕರೆಂಟು ಇರ್ಬೇಕು, ಶಾಲೆ, ಪಂಚಾಯತಿನಂಥ ಜಾಗಕ್ಕೂ ಇರ್ಬೇಕು ಅಂತಾಯ್ತು. 2018ರ ಏಪ್ರಿಲ್ 28ಕ್ಕೆ ಮಣಿಪುರದ ಲೈಸಾಂಗ್ ಅನ್ನುವ ಊರಿಗೆ ಕರೆಂಟು ಮುಟ್ಟಿ ದೇಶದ ಎಲ್ಲ ಗ್ರಾಮಗಳೂ ಮುಗಿದ್ವು ಅಂತ ಘೋಷಣೆ ಆದದ್ದು ಕೂಡ ಇದೇ ಅಳತೆಯಲ್ಲಿ. ಉಳಿದ 90 ಮನೆಯವರು ಎಂತ ಮಾಡ್ತಿದ್ರು ಅನ್ನೋದು ನೀವು ಹೋಗಿ ಕೇಳಿದ್ರೆ ಮಾತ್ರ ಗೊತ್ತಾಗುವಂಥದ್ದು.

ಹಿನ್ನೆಲೆ ಸ್ವಲ್ಪ ಓದ್ಕೊಂಡು ಹೋಗಿ, ಜಾಸ್ತಿ ಬೇಡ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು 1902ರ ಶಿವನಸಮುದ್ರ, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು, 1905ಕ್ಕೆ ಬೆಂಗಳೂರಿಗೆ ಬೀದಿದೀಪ. ಅದು ಮೈಸೂರು ಸಂಸ್ಥಾನದ ಕತೆ ಮಾರಾಯ್ರೆ, ನಮ್ಮದಲ್ಲ. ನಾವು ದಕ್ಷಿಣ ಕನ್ನಡ, ಉಡುಪಿ ಕಡೆಯವರು 1956ರ ನವೆಂಬರ್ 1ರವರೆಗೆ ಮದ್ರಾಸಿನವರು. ಎಷ್ಟೋ ಸ್ಮರಣ ಸಂಚಿಕೆಗಳಲ್ಲಿ ಆ ಕತೆಯನ್ನೇ ತಂದು ನಮ್ಮೂರಿಗೆ ಅಂಟಿಸಿರ್ತಾರೆ, ಓದುವಾಗ ಬೇಜಾರಾಗ್ತದೆ. ನಮ್ಮ ಕತೆ ನಿಜವಾಗಿ ಬೆಳೆಯೋದು 1957ರ ಅಕ್ಟೋಬರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಆದ ಮೇಲೆ, 1964-65ರಿಂದ ಶರಾವತಿ ಯೋಜನೆಯ ಕರೆಂಟು ಸಿಗ್ಲಿಕ್ಕೆ ಶುರುವಾದ ಮೇಲೆ, ಮತ್ತೆ 1969ರಲ್ಲಿ ಹಳ್ಳಿ ಲೈನಿಗೆ ಅಂತಲೇ ಸಾಲ ಕೊಡುವ ಗ್ರಾಮೀಣ ವಿದ್ಯುದೀಕರಣ ನಿಗಮ, ಅಂದ್ರೆ ಆರ್‌ಇಸಿ, ಹುಟ್ಟಿದ ಮೇಲೆ.

ನಮ್ಮಲ್ಲಿ ತಡ ಆಗ್ಲಿಕ್ಕೆ ಇನ್ನೊಂದು ಕಾರಣ ನಮ್ಮ ಮನೆಗಳೇ. ಘಟ್ಟದ ಮೇಲೆ ಹಾಗೆ ಇಲ್ಲಿ ಊರು ಅಂದ್ರೆ ಸಾಲು ಮನೆ ಅಲ್ಲ, ಗುಡ್ಡದ ಬುಡದಲ್ಲಿ ಒಂದು ಮನೆ, ತೋಡಿನ ಆಚೆ ಇನ್ನೊಂದು, ಮಧ್ಯ ಬೈಲು, ಒಂದೇ ಮನೆಗೆ ಎಷ್ಟೋ ಕಂಬ ಬೇಕು, ಮೇಲಿಂದ ಮಳೆಗಾಲ ಬಂತೆಂದ್ರೆ ತಂತಿಯ ಮೇಲೆ ಮರ. ಅಮೆರಿಕದಲ್ಲೂ ಇದೇ ತಾಪತ್ರಯ ಇತ್ತಂತೆ, 1930ರ ದಶಕದ ಮಧ್ಯದಲ್ಲಿ ಅಲ್ಲಿ ನೂರರಲ್ಲಿ ಸುಮಾರು 90 ರೈತರ ಮನೆಗೆ ಕರೆಂಟೇ ಇರ್ಲಿಲ್ಲ, ದೂರ ದೂರದ ಮನೆಗೆ ಲೈನ್ ಎಳೆದ್ರೆ ಲಾಭ ಇಲ್ಲ ಅಂತ ಕಂಪನಿಗಳು ಬರ್ಲಿಲ್ಲ. 1935ರಲ್ಲಿ ರೂಸ್ವೆಲ್ಟ್ ಸರ್ಕಾರ ಇದಕ್ಕಂತಲೇ ಒಂದು ಇಲಾಖೆ ಮಾಡಿ ಕಡಿಮೆ ಬಡ್ಡಿಗೆ ಸಾಲ ಕೊಡ್ಲಿಕ್ಕೆ ಹೊರಟಾಗ ರೈತರೇ ಸಹಕಾರಿ ಸಂಘ ಕಟ್ಟಿ ಲೈನ್ ಎಳೆಸಿಕೊಂಡ್ರು. ಅದೇ ಮಾದರಿ ನಮ್ಮ ರಾಜ್ಯಕ್ಕೂ ಬಂದಿದೆ, ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಇವತ್ತಿಗೂ ಕರೆಂಟು ಹಂಚುವುದು ಸಹಕಾರಿ ಸಂಘ. ಇಷ್ಟೆಲ್ಲ ಸೊಸೈಟಿ ಕಟ್ಟಿದ ನಮ್ಮ ಜಿಲ್ಲೆಯಲ್ಲಿ ಯಾಕೆ ಹಾಗೆ ಆಗ್ಲಿಲ್ಲ ಅಂತ ನನಗೆ ಯಾವಾಗ್ಲೂ ಅನ್ನಿಸ್ತದೆ.

ಈಗ ಮನೆಯ ಕಾಗದ ಹುಡುಕುವ ಕೆಲಸ. ಹಳೆ ಟ್ರಂಕು, ದೇವರ ಕೋಣೆಯ ಕಪಾಟು, ತಂತಿಗೆ ಚುಚ್ಚಿ ನೇತಾಡಿಸಿದ ರಶೀದಿ ಕಟ್ಟು, ಇದನ್ನೆಲ್ಲ ಇವತ್ತೇ ನೋಡಿ. ಯಾಕೆ ಹೇಳ್ತೇನೆ ಅಂದ್ರೆ ನಮ್ಮ ಮನೆಗೆ ಪೈಂಟ್ ಮಾಡಿಸುವಾಗ ಅಜ್ಜನ ಟ್ರಂಕಿನ ಕಾಗದ ಪೂರ್ತಿ ಗುಜರಿಗೆ ಹೋಯ್ತು, ಕೊಟ್ಟದ್ದು ನಾನೇ, ಒಳಗೆ ಎಂತ ಉಂಟು ಅಂತ ಬಿಚ್ಚಿ ಸಹ ನೋಡ್ಲಿಲ್ಲ. ಅದರಲ್ಲಿ ಪಂಪಿಗೆ ಡೆಪಾಸಿಟ್ ಕಟ್ಟಿದ ರಶೀದಿ ಇತ್ತು ಅಂತ ಆಮೇಲೆ ಅಪ್ಪ ಹೇಳಿದ್ರು. ಇವತ್ತಿಗೂ ಅದನ್ನು ನೆನೆಸಿದ್ರೆ ಸಂಕಟ ಆಗ್ತದೆ.

ಬಿಲ್ಲು ಸಿಕ್ಕಿತು, ತಾರೀಕು ಅಳಿಸಿಹೋಗಿದೆ ಅಂತ ಇಟ್ಕೊಳ್ಳಿ, ಮೇಲಿನ ಹೆಸರು ನೋಡಿ ಅಂದಾಜು ಮಾಡ್ಬಹುದು. ಮೈಸೂರು ಅಂತ ಇದ್ರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ 1973ರ ನವೆಂಬರಿಗಿಂತ ಹಿಂದಿನ ಫಾರಮ್ಮು. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಅಂದ್ರೆ ನಾವು ಈಗಲೂ ಬಾಯಲ್ಲಿ ಹೇಳುವ ಕೆಇಬಿ, ಆದ್ರೆ ಅಲ್ಲಿಂದ 1999ರ ಒಳಗೆ. ಮಂಡಳಿಯ ಜಾಗಕ್ಕೆ ಬಂದ ನಿಗಮ ಕೆಪಿಟಿಸಿಎಲ್ ಆದ್ರೆ 1999ರಿಂದ 2002. ಈಗ ನಮ್ಮ ಕಡೆ ಕರೆಂಟು ಹಂಚುವ ಮೆಸ್ಕಾಂ ಅಂತಿದ್ರೆ 2002ರ ನಂತರದ್ದು. ಹಳೆ ಫಾರಮ್ಮು ಮುಗಿಯುವವರೆಗೆ ಅದರಲ್ಲೇ ಬರೆದು ಕೊಡುವ ಕ್ರಮ ಎಲ್ಲ ಆಫೀಸಲ್ಲೂ ಇರ್ತದೆ, ಹಾಗಾಗಿ ಒಂದೆರಡು ವರ್ಷ ಆಚೆ ಈಚೆ ಇಟ್ಕೊಳ್ಳಿ. ಆರ್‌ಆರ್ ನಂಬರ್, ಅಂದ್ರೆ ಆ ಸಂಪರ್ಕಕ್ಕೆ ಕೊಟ್ಟ ನಂಬರ್, ಕಂಡ್ರೆ ತಪ್ಪದೆ ಬರ್ಕೊಳ್ಳಿ, ಮುಂದೆ ಆಫೀಸಲ್ಲಿ ಕೇಳ್ಲಿಕ್ಕೆ ಅದೇ ಕೀಲಿ.

ಆಫೀಸಿನ ವಿಷಯ. ನಾನು ಮೊದಲ ಸಲ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವಾಗ "ನಮ್ಮ ಗ್ರಾಮದ ವಿದ್ಯುದೀಕರಣದ ಇತಿಹಾಸ ಒದಗಿಸಿ" ಅಂತ ಬರೆದು ಕೊಟ್ಟೆ, ಲಭ್ಯವಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಆಮೇಲೆ ಗೊತ್ತಾಯ್ತು, ಇತಿಹಾಸ ಅನ್ನುವ ಫೈಲು ಯಾವ ಆಫೀಸಲ್ಲೂ ಇರುವುದಿಲ್ಲ. ಇಂಥಾ ಆರ್‌ಆರ್ ನಂಬರಿಗೆ ಸಂಪರ್ಕ ಕೊಟ್ಟ ದಿನಾಂಕ ಯಾವುದು, ಇಂಥಾ ಜಾಗದ ಟ್ರಾನ್ಸ್‌ಫಾರ್ಮರ್ ಚಾಲೂ ಮಾಡಿದ ದಿನಾಂಕ ಯಾವುದು, ಆ ರಿಜಿಸ್ಟರಿನ ಪುಟದ ನಕಲು ಕೊಡಿ, ಹೀಗೆ ಕೇಳ್ಬೇಕು. ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕಂತ ಕಾನೂನು.

ಯಾರನ್ನೂ ಕೇಳದೆ ಮನೆಯಲ್ಲೇ ಕೂತು ಸಿಗುವ ಒಂದು ಒಳ್ಳೆ ದಾಖಲೆ ಜನಗಣತಿಯ ಜಿಲ್ಲಾ ಕೈಪಿಡಿ. ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ. 1981ರದ್ದು ಮತ್ತು 1991ರದ್ದು ತೆಗೀರಿ, ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಹಾಗಾಗಿ ನಮ್ಮದೂ ದಕ್ಷಿಣ ಕನ್ನಡದ ಪುಸ್ತಕದಲ್ಲೇ ಇರೋದು. ಗ್ರಾಮದ ಹೆಸರಿನ ಎದುರು ಕರೆಂಟಿನ ಕಾಲಂ ಉಂಟು, ಅಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತ: ಇಡಿ ಅಂದ್ರೆ ಮನೆ ಬಳಕೆಗೆ, ಇಎಜಿ ಅಂದ್ರೆ ಕೃಷಿಗೆ, ಇಒ ಅಂದ್ರೆ ಬೇರೆ ಕೆಲಸಕ್ಕೆ, ಇಎ ಅಂದ್ರೆ ಎಲ್ಲದಕ್ಕೂ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ರೆ ನಿಮ್ಮೂರಲ್ಲಿ ಮೊದಲು ಬಂದದ್ದು ಬಲ್ಬಾ ಪಂಪಾ ಅಂತ ಒಂದು ಅಂದಾಜು ಬರ್ತದೆ.

ಆದ್ರೆ ನಿಜವಾದ ಸರಕು ಇರೋದು ಜನರ ಬಾಯಲ್ಲಿ. ಹಿರಿಯರ ಹತ್ತಿರ "ಯಾವ ಇಸವಿ" ಅಂತ ಕೇಳ್ಬೇಡಿ, ಇಸವಿ ಯಾರ ನೆನಪಲ್ಲೂ ಇರುವುದಿಲ್ಲ. ದೊಡ್ಡ ನೆರೆ ಬಂದ 1974ಕ್ಕೆ ಮೊದಲೋ ನಂತರವೋ ಕೇಳಿ. ಮಂಗಳೂರು ಆಕಾಶವಾಣಿ ಶುರುವಾಗುವಾಗ, ಅಂದ್ರೆ 1976ರಲ್ಲಿ, ಮನೆಯ ರೇಡಿಯೋ ಬ್ಯಾಟರಿಯದ್ದಾ ಕರೆಂಟಿನದ್ದಾ ಕೇಳಿ. ಟಿವಿಯಲ್ಲಿ ರಾಮಾಯಣ ಬರುವಾಗ ಯಾರ ಮನೆಗೆ ಹೋಗಿ ನೋಡ್ತಿದ್ರಿ ಕೇಳಿ, ಅದು 1987-88. ದೊಡ್ಡಮ್ಮನ ಮದುವೆಗೆ ಗ್ಯಾಸ್‌ಲೈಟ್ ತಂದದ್ದಾ ಟ್ಯೂಬ್‌ಲೈಟ್ ಹಾಕಿದ್ದಾ ಕೇಳಿ, ಮದುವೆಯ ಕಾಗದ ಮನೆಯಲ್ಲಿದ್ರೆ ತಾರೀಕು ಸಮೇತ ಸಿಕ್ಕಿತು. ತುಳುವಲ್ಲಿ ಹೇಳುವವರು ತುಳುವಲ್ಲೇ ಹೇಳ್ಲಿ, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಯಾವುದಿದ್ರೂ ಹಾಗೇ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಬರೀರಿ. ಮೊದಲು ಒಪ್ಪಿಗೆ ಕೇಳಿ.

ಬೆಳಕಿನ ಬಗ್ಗೆ ಕೇಳುವಾಗ ಕೆಲಸದ ಬಗ್ಗೆ ಕೇಳಿ. ನನ್ನ ಅಜ್ಜಿ "ಕರೆಂಟು ಬಂದು ಖುಷಿ ಆಯ್ತು" ಅಂತ ಅಷ್ಟೇ ಹೇಳಿ ಸುಮ್ಮನಾಗ್ತಿದ್ರು. ಒಂದಿನ ಲಾಟನ್ ಯಾರು ಒರೆಸ್ತಿದ್ರು ಅಂತ ಕೇಳಿದೆ, ಅಷ್ಟೇ, ಮಾತು ನಿಲ್ಲಲೇ ಇಲ್ಲ. ದಿನಾ ಸಂಜೆ ಒಲೆಯ ಬೂದಿ ಬಟ್ಟೆಗೆ ಹಾಕಿ ಗಾಜು ಒರೆಸುವುದು ಮಕ್ಕಳ ಕೆಲಸವಂತೆ, ಯಾಕಂದ್ರೆ ಗಾಜಿನ ಬಾಯಿ ಸಣ್ಣದು, ದೊಡ್ಡವರ ಕೈ ಒಳಗೆ ಹೋಗುವುದಿಲ್ಲ. ಕೈ ದೊಡ್ಡದಾದ ಕೂಡಲೇ ತಂಗಿಗೆ ಆ ಕೆಲಸ ದಾಟ್ತಿತ್ತಂತೆ. ಒಡೆದ್ರೆ ಪೆಟ್ಟು ಬೀಳ್ತಿತ್ತು. ಚಿಮಿಣಿ ಎಣ್ಣೆ ಮುಗಿದ ದಿನ ಬೇಗ ಊಟ ಮಾಡಿ ಮಲಗೋದು. ಇದೆಲ್ಲ ಹೇಳುವಾಗ ಅಜ್ಜಿ ಬೆರಳು ಒಟ್ಟು ಮಾಡಿ ಗಾಜಿನೊಳಗೆ ತಿರುಗಿಸಿ ತೋರಿಸಿದ್ರು, ಆ ವೀಡಿಯೋ ನನ್ನ ಹತ್ರ ಉಂಟು, ಅದಕ್ಕಿಂತ ದೊಡ್ಡ ದಾಖಲೆ ನನಗೆ ಯಾವ ಆಫೀಸಲ್ಲೂ ಸಿಗ್ಲಿಲ್ಲ.

ಮೋಟಾರಿನ ಪುಟಕ್ಕೆ ಜಾಸ್ತಿ ಸಮಯ ಕೊಡಿ, ಕೃಷಿಕರ ಊರಿನ ಕತೆ ಇರೋದೇ ಅಲ್ಲಿ. ಮೊದಲು ಏತದಲ್ಲಿ ನೀರೆತ್ತಿ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹಾಯಿಸಿ, ಬೇಸಿಗೆಗೆ ತೋಡಿಗೆ ಕಟ್ಟ ಕಟ್ಟಿ, ಎಷ್ಟು ಜನ ಎಷ್ಟು ಹೊತ್ತಿಗೆ ಏಳ್ತಿದ್ರು ಕೇಳಿ. ಮಧ್ಯದಲ್ಲಿ ಡೀಸೆಲ್ ಇಂಜಿನ್ ಬಂದಿತ್ತಾ ಕೇಳಿ. ಮನೆಗೆ ಕರೆಂಟು ಬಂದ ಮೇಲೂ ಪಂಪಿಗೆ ವರ್ಷಗಟ್ಟಲೆ ಕಾದದ್ದು ಯಾಕೆ ಅಂತ ಕೇಳಿ. ಬಲ್ಬಿಗೆ ಸಿಂಗಲ್ ಫೇಸ್ 230 ವೋಲ್ಟ್ ಸಾಕು, 5 ಎಚ್‌ಪಿ ಮೋಟಾರಿಗೆ ತ್ರೀ ಫೇಸ್ 400 ವೋಲ್ಟಿನ ಲೈನ್ ಬೇಕು, ಟ್ರಾನ್ಸ್‌ಫಾರ್ಮರ್ ದೂರ ಆದಷ್ಟೂ ವೋಲ್ಟೇಜ್ ಬೀಳ್ತದೆ, ಲೈನಿನ ಕೊನೆಯಲ್ಲಿದ್ದವರ ಮೋಟಾರು ಗೊಂಯ್ ಅಂತ ಸದ್ದು ಮಾಡಿ ಸುಟ್ಟುಹೋಗ್ತದೆ. ಯಾರ ಮೋಟಾರು ಎಷ್ಟು ಸಲ ವೈಂಡಿಂಗಿಗೆ ಹೋಯ್ತು ಅಂತ ಕೇಳಿದ್ರೆ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅಂತ ನಕ್ಷೆಯೇ ಬರೀಬಹುದು, ನಾನು ಹಾಗೇ ಬರೆದದ್ದು.

ಜಾಗದ ಕತೆಯನ್ನೂ ಜೊತೆಗೆ ಕೇಳ್ಬೇಕು. ಪಂಪಿಗೆ ಸಂಪರ್ಕ ಬೇಕಾದ್ರೆ ಭೂಮಿಯ ಕಾಗದ ಬೇಕು. ಗೇಣಿಗೆ ಮಾಡ್ತಿದ್ದವರ ಹೆಸರಲ್ಲಿ ಜಾಗವೇ ಇರ್ಲಿಲ್ಲ. 1974ರ ಭೂಸುಧಾರಣೆ ಕಾನೂನು ಬಂದು, ಡಿಕ್ಲರೇಶನ್, ಅಂದ್ರೆ ಗೇಣಿಯ ಜಾಗ ತಮಗೆ ಕೊಡಿ ಅನ್ನುವ ಅರ್ಜಿ, ಕೊಟ್ಟು, ಟ್ರಿಬ್ಯೂನಲಲ್ಲಿ ತೀರ್ಮಾನ ಆಗಿ ಜಾಗ ಕೈಗೆ ಬಂದ ಮೇಲೆ ಸೊಸೈಟಿಯಲ್ಲೋ ಬ್ಯಾಂಕಲ್ಲೋ ಸಾಲ ಮಾಡಿ ಪಂಪು ಇಟ್ಟವರು ನಮ್ಮ ಬೈಲಲ್ಲೇ ನಾಲ್ಕು ಮನೆ. ಡಿಕ್ಲರೇಶನ್ ಆದ ವರ್ಷ ಅವರಿಗೆ ಬಾಯಿಪಾಠ, ಪಂಪಿನ ವರ್ಷ ಅದರಿಂದ ಲೆಕ್ಕ ಹಾಕಿದ್ರಾಯ್ತು. ಹೆಂಗಸರ ಹತ್ತಿರ ಪ್ರತ್ಯೇಕ ಕೂತು ಕೇಳಿ. ತ್ರೀ ಫೇಸ್ ರಾತ್ರಿ ಮಾತ್ರ ಕೊಡ್ತಿದ್ದ ಕಾಲದಲ್ಲಿ ನಡುರಾತ್ರಿ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಿ ಬಂದದ್ದು ಎಷ್ಟೋ ಮನೆಯಲ್ಲಿ ಅವರೇ, ಗಂಡಸರು ಹೇಳುವ ಕತೆಯಲ್ಲಿ ಇದು ಬರುವುದೇ ಇಲ್ಲ. 2008ರಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ ಆಯ್ತಲ್ಲ, ಅದಕ್ಕಿಂತ ಮೊದಲು ಬಿಲ್ಲಿಗೆ ದುಡ್ಡು ಹೇಗೆ ಹೊಂದಿಸ್ತಿದ್ರು ಅನ್ನೋದನ್ನೂ ಅವರೇ ಸರಿಯಾಗಿ ಹೇಳ್ತಾರೆ.

ನಾಲ್ಕನೇ ಪುಟ, ಕಟ್ಟಕಡೆಯ ಮನೆ, ಅದನ್ನು ದಯವಿಟ್ಟು ಬಿಡ್ಬೇಡಿ. ಕಾಲನಿಗೆ ಹೋಗಿ, ಕಾಡಿನ ಅಂಚಿನ ಮನೆಗೆ ಹೋಗಿ. ಬಡವರ ಮನೆಗೆ ಕರೆಂಟು ಕೊಡುವ ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬು ಯಾವಾಗ ಬಂತು, ಬಿಲ್ಲು ಬಾಕಿ ಅಂತ ಕಟ್ ಮಾಡಿದ್ರಾ, ಪುನಃ ಹಾಕಿದ್ರಾ ಕೇಳಿ. ಕಂಬ ಬರುವ ಮೊದಲೇ ಸೋಲಾರ್ ಬಂದ ಮನೆಗಳೂ ಉಂಟು, ನಮ್ಮ ಕುಂದಾಪುರ ಕಡೆಯ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಶುರು ಮಾಡಿದ್ದು ಇಂಥ ಮನೆಗಳಿಗೆ ಸಾಲದ ಮೇಲೆ ಸೋಲಾರ್ ಲೈಟ್ ಕೊಡ್ಲಿಕ್ಕೆ, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಘಟ್ಟದ ಬುಡದಲ್ಲಿ ಹೊಳೆಯ ನೀರಿಗೆ ಸಣ್ಣ ಟರ್ಬೈನ್ ಇಟ್ಟು ತಾವೇ ಕರೆಂಟು ಮಾಡಿಕೊಂಡವರು ಸಿಕ್ಕಿದ್ರೆ ಒಂದು ಇಡೀ ದಿನ ಅಲ್ಲೇ ಕೂತ್ಕೊಳ್ಳಿ.

ಫೋಟೋ ತೆಗೆಯುವಾಗ ಜಾಗ್ರತೆ. ಹಳೆ ಮೀಟರ್ ಬೋರ್ಡು, ಪಿಂಗಾಣಿ ಫ್ಯೂಸು, ಮರದ ರೀಪಿನ ಮೇಲೆ ಓಡಿದ ವಯರು, ಕಪ್ಪು ಗುಂಡು ಸ್ವಿಚ್ಚು, ಎಲ್ಲ ತೆಗೀರಿ, ಆದ್ರೆ ಮುಟ್ಬೇಡಿ, ಬಿಚ್ಬೇಡಿ, ಎಷ್ಟೋ ಕಡೆ ಅದರಲ್ಲಿ ಈಗಲೂ ಸಪ್ಲೈ ಇರ್ತದೆ. ಟ್ರಾನ್ಸ್‌ಫಾರ್ಮರಿನ ತಗಡಲ್ಲಿ ತಯಾರಾದ ವರ್ಷ ಬರೆದಿರ್ತದೆ ಅಂತ ಹತ್ತಿರ ಹೋಗ್ಬೇಡಿ, ಬೇಲಿಯ ಹೊರಗಿಂದ ಜೂಮ್ ಮಾಡಿ. ಸುಟ್ಟಾಗ ಬದಲಿ ಮಾಡಿರ್ತಾರೆ, ಹಾಗಾಗಿ ಆ ವರ್ಷವೇ ಊರಿಗೆ ಕರೆಂಟು ಬಂದ ವರ್ಷ ಅಂತಲೂ ಬರೀಬೇಡಿ. ನಿವೃತ್ತ ಲೈನ್‌ಮ್ಯಾನ್ ಯಾರಾದ್ರೂ ಇದ್ರೆ ಅವರನ್ನೇ ಕರ್ಕೊಂಡು ಊರು ಸುತ್ತಿ, ಯಾವ ಕಂಬ ಯಾವಾಗ ನೆಟ್ಟದ್ದು, ಹೊಂಡ ತೋಡ್ಲಿಕ್ಕೆ ಮುರಕಲ್ಲು ಎಲ್ಲಿ ಅಡ್ಡ ಬಂತು, ಯಾರು ತಮ್ಮ ಜಾಗದಲ್ಲಿ ಕಂಬ ಬೇಡ ಅಂತ ಗಲಾಟೆ ಮಾಡಿದ್ರು, ಎಲ್ಲ ಅವರಿಗೆ ಗೊತ್ತುಂಟು.

ಬರೆದು ಆದ ಮೇಲೆ ಹೇಳಿದವರಿಗೆ ಓದಿ ಹೇಳಿ, ತಿದ್ದಿಸಿಕೊಳ್ಳಿ. ಹೆಸರು, ಆರ್‌ಆರ್ ನಂಬರ್ ಎಲ್ಲ ಹೊರಗೆ ಹಾಕುವ ಮೊದಲು ಪುನಃ ಕೇಳಿ. ಒಂದು ಪ್ರತಿ ಪಂಚಾಯತ್ ಲೈಬ್ರರಿಗೆ, ಒಂದು ಶಾಲೆಗೆ, ರೆಕಾರ್ಡಿಂಗ್ ಎರಡು ಕಡೆ ಕಾಪಿ. ಕತೆ ಕೇಳ್ಲಿಕ್ಕೆ ಹೋಗುವ ಒಳ್ಳೆ ಸಮಯ ಆಟಿ ತಿಂಗಳು, ಅಂದ್ರೆ ಜುಲೈ-ಆಗಸ್ಟ್, ನಾಟಿ ಮುಗಿದು ಹಿರಿಯರು ಮನೆಯಲ್ಲೇ ಇರ್ತಾರೆ, ಮಳೆಗೆ ಕರೆಂಟು ಹೇಗೂ ಹೋಗಿರ್ತದೆ, ಹಾಗಾಗಿ ಮೊದಲೇ ಮೊಬೈಲ್ ಚಾರ್ಜ್ ಪೂರ್ತಿ ಮಾಡ್ಕೊಂಡು ಹೋಗಿ.