ತೋಟದಲ್ಲಿ ಬಟವಾಡೆ ತಡವಾದರೆ ಏನು ಮಾಡಬೇಕು

ಕುಯ್ಲು ಮುಗಿಯುವ ಹೊತ್ತಿಗೆ ಕೊಡಗಿನ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರು ಇರುವ ಸಾಲು ಮನೆಗಳು) ಜಾಸ್ತಿ ಕೇಳಿಬರುವ ಮಾತು, 'ಕಾಫಿ ಮಾರಿದ ಮೇಲೆ ಲೆಕ್ಕ ಮುಗಿಸೋಣ'. ಇದನ್ನು ಒಪ್ಪಬೇಡಿ. ಕಾಫಿ ರೇಟು ಏರಲಿ ಇಳಿಯಲಿ, ಅದು ಮಾಲೀಕರ ವ್ಯಾಪಾರ. ಹಣ್ಣು ಬಿಡಿಸಿ ಚೀಲ ತುಂಬಿಸಿದ ದಿನವೇ ನಿಮ್ಮ ಕೆಲಸ ಆಯಿತು, ಅಲ್ವಾ?

ಮೊದಲು ನಿಮ್ಮ ಕೂಲಿ ಯಾವ ಲೆಕ್ಕದ್ದು ಅಂತ ಕೇಳಿ ತಿಳಿದುಕೊಳ್ಳಿ. 2019ರ ವೇತನ ಸಂಹಿತೆ, ಅಂದರೆ ಕೂಲಿ-ಸಂಬಳದ ಕೇಂದ್ರ ಕಾನೂನು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಿನಗೂಲಿಯಾದರೆ ಆ ದಿನದ ಕೆಲಸ ಮುಗಿಯುವಾಗಲೇ ದುಡ್ಡು ಕೈಗೆ ಬರಬೇಕು. ವಾರದ ಬಟವಾಡೆಯಾದರೆ ರಜೆಗೆ ಮುಂಚಿನ ಕೆಲಸದ ದಿನ, ಅಂದರೆ ಭಾನುವಾರ ರಜೆ ಇದ್ದರೆ ಶನಿವಾರ. ಹದಿನೈದು ದಿನದ್ದಾದರೆ ಅದು ಮುಗಿದ ಎರಡು ದಿನದೊಳಗೆ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ. ತಿಂಗಳಿಗಿಂತ ಉದ್ದದ ಲೆಕ್ಕ ಇಡುವ ಹಾಗೇ ಇಲ್ಲ. ಕೆಲಸ ನೀವೇ ಬಿಟ್ಟರೂ ಅವರೇ ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಬಾಕಿಯೆಲ್ಲ ಕೊಡಬೇಕು. ಅಸ್ಸಾಂನಿಂದ ಬಂದು ಕುಯ್ಲು ಮುಗಿಸಿ ಊರಿಗೆ ಹೊರಡುವವರಿಗೆ ಇದನ್ನು ದಯವಿಟ್ಟು ಹೇಳಿ, ಅವರು ಮತ್ತೆ ಬಂದು ಕೇಳುವುದು ಆಗದ ಮಾತು.

ಇನ್ನು ಲೆಕ್ಕದ ಪುಸ್ತಕ. ಇದನ್ನು ಮಾತ್ರ ತಪ್ಪಿಸಬೇಡಿ. ನಮ್ಮಮ್ಮ ಕೆಜಿ ಲೆಕ್ಕಕ್ಕೆ ಹಣ್ಣು ಕುಯ್ಯುತ್ತಿದ್ದಳು. ಸಂಜೆ ಕಣದ ಹತ್ತಿರ ಚೀಲ ತೂಗಿ ತೋಟದ ಲೆಕ್ಕ ಬರೆಯುವ ರೈಟರ್ ಕೂಗಿ ಹೇಳಿದ ಕೆಜಿಯನ್ನು ಮನೆಗೆ ಬರುವವರೆಗೂ ಬಾಯಲ್ಲೇ ಹೇಳಿಕೊಳ್ಳುತ್ತಾ ಬಂದು ನನ್ನ ಕೈಲಿ ಬರೆಸುತ್ತಿದ್ದಳು. ಹಣ್ಣಿನ ಅಂಟು ಹತ್ತಿ ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿರುತ್ತಿದ್ದವು. ಒಂದು ವರ್ಷ ತೋಟದ ಲೆಕ್ಕದಲ್ಲಿ 43 ಕೆಜಿ ಕಮ್ಮಿ ಬಂತು. ಪುಸ್ತಕ ಬಿಚ್ಚಿ ತಾರೀಕು ಸಮೇತ ತೋರಿಸಿದ ಮೇಲೆ ದುಡ್ಡು ಬಂತು. ಈಗ ಮೊಬೈಲ್ ಇದೆ, ತಕ್ಕಡಿಯ ಫೋಟೊ ತೆಗೆದಿಟ್ಟರೂ ಆಯಿತು. ವೇತನ ಚೀಟಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಮುಂಗಡ ತಗೊಂಡಿದ್ದರೆ ಹಿಡಿದುಕೊಳ್ಳಬಹುದು. ಆದರೆ ಎಲ್ಲಾ ಕಡಿತ ಸೇರಿ ಆ ಸಲದ ಕೂಲಿಯ ಅರ್ಧ ದಾಟಬಾರದು.

ಆಳುಗಳನ್ನು ಕರೆತರುವ ಮೇಸ್ತ್ರಿ ಕೂಲಿ ಕೊಡದೆ ಕೈಕೊಟ್ಟರೆ? ಆಗ ತೋಟದ ಮಾಲೀಕರೇ ಜವಾಬ್ದಾರರು, 'ಮೇಸ್ತ್ರಿಗೆ ಕೊಟ್ಟಾಯಿತು' ಅಂದರೆ ಸಾಲದು.

ತಡವಾದರೆ ಮೊದಲು ವಾಟ್ಸಾಪ್‌ನಲ್ಲಿ ಕೇಳಿ, ಬರೀ ಬಾಯಿಮಾತಿನಲ್ಲಿ ಬೇಡ. ಆಗಲೂ ಕೊಡದಿದ್ದರೆ ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಅರ್ಜಿ ಕೊಡಿ. ನೀವೇ ಕೊಡಬಹುದು, ನೋಂದಾಯಿತ ಯೂನಿಯನ್ ಮೂಲಕವೂ ಕೊಡಬಹುದು. ಮೂರು ವರ್ಷದವರೆಗೆ ಅವಕಾಶ ಇದೆ. ಸುಮ್ನೆ ಹೆದರಬೇಡಿ, ದುಡ್ಡು ಕೊಟ್ಟಿದ್ದೇವೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು, ನೀವಲ್ಲ. ಹೋಗುವಾಗ ಲೆಕ್ಕದ ಪುಸ್ತಕ, ಪಾಸ್‌ಬುಕ್ ಜೆರಾಕ್ಸ್ ಜೊತೆಗಿರಲಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ.